ನತದೃಷ್ಟ ಅನಾಥ ಮಕ್ಕಳ ನಗೆಗತೆಗಳು: ಐದು ಪುಸ್ತಕಗಳಲ್ಲಿ ನಿಮ್ಮ ಮಗುವಿಗೆ ಯಾವುದು?

ರಾತ್ರಿ ಊಟ ಆದ ಮೇಲೆ ಮಗಳಿಗೆ ರೋಆಲ್ಡ್ ಡಾಲ್ ಅವರ 'ಜೇಮ್ಸ್ ಅಂಡ್ ದ ಜೈಂಟ್ ಪೀಚ್' ಓದಲು ಕೂತಿದ್ದೆ. ಆಗ ಅವಳಿಗೆ ಎಂಟು ವರ್ಷ. ಕತೆ ಶುರುವಾಗುವಷ್ಟರಲ್ಲೇ ಜೇಮ್ಸ್‌ನ ಅಪ್ಪ ಅಮ್ಮ ಸತ್ತು ಹೋದರು. ಲಂಡನ್ ಮೃಗಾಲಯದಿಂದ ತಪ್ಪಿಸಿಕೊಂಡ ಘೇಂಡಾಮೃಗವೊಂದು ಹಾಡಹಗಲೇ, ಜನ ತುಂಬಿದ ಬೀದಿಯಲ್ಲಿ ಇಬ್ಬರನ್ನೂ ತಿಂದುಹಾಕಿತು. ನಾನು ಓದುವುದನ್ನು ನಿಲ್ಲಿಸಿ ಅವಳ ಮುಖ ನೋಡಿದೆ. ಹುಬ್ಬು ಗಂಟಿಕ್ಕಿಕೊಂಡು ಯೋಚನೆ ಮಾಡುತ್ತಿದ್ದಳು. "ಅಮ್ಮಾ, ಘೇಂಡಾಮೃಗ ಹುಲ್ಲು ತಿನ್ನೋದಲ್ವಾ?" ಅಂದಳು. ಆಮೇಲೆ ಕಿಸಕ್ಕನೆ ನಕ್ಕಳು.

ಈ ಬಗೆಯ ಪುಸ್ತಕಗಳ ಗುಟ್ಟು ಆ ಪ್ರಶ್ನೆಯಲ್ಲೇ ಇದೆ. ಅಪ್ಪ ಅಮ್ಮ ಇಲ್ಲವಾಗುವುದು ಮಗುವಿನ ಅತಿ ದೊಡ್ಡ ಭಯ. ಆದರೆ ಹುಲ್ಲು ತಿನ್ನುವ ಪ್ರಾಣಿ ಮನುಷ್ಯರನ್ನು ತಿಂದಿತು ಅಂದ ತಕ್ಷಣ ಮಗುವಿಗೆ ಗೊತ್ತಾಗುತ್ತದೆ, ಇದು ಕತೆ, ಇಲ್ಲಿ ಹೆದರುತ್ತಲೇ ನಗಬಹುದು ಅಂತ.

ಶನಿವಾರ ಸಂಜೆ ನಮ್ಮ ಬಡಾವಣೆಯ ಮಕ್ಕಳಿಗೆ ಕತೆ ಓದುತ್ತೇನೆ. ಅಲ್ಲಿಗೆ ಬರುವ ಅಪ್ಪ ಅಮ್ಮಂದಿರು ಪದೇ ಪದೇ ಕೇಳುವ ಪ್ರಶ್ನೆ ಇದು: "ಈ ಅನಾಥ ಮಕ್ಕಳ ಇಂಗ್ಲಿಷ್ ಪುಸ್ತಕಗಳು ಇವೆಯಲ್ಲ, ಯಾವುದು ಕೊಡಿಸಲಿ? ಜಾಸ್ತಿ ದುಃಖ ಇದ್ದರೆ ಮಗು ಬೇಜಾರು ಮಾಡಿಕೊಳ್ಳಲ್ವಾ?" ನಾನು ಮಕ್ಕಳ ಜೊತೆ ಓದಿ ಮುಗಿಸಿದ ಐದನ್ನು ಇಲ್ಲಿ ಪಕ್ಕಪಕ್ಕ ಇಡುತ್ತೇನೆ.

ಮೊದಲು ಏನು ನೋಡಬೇಕು

ದುಃಖ ಎಷ್ಟಿದೆ ಅಂತ ಅಳೆಯಲು ಹೋಗಬೇಡಿ. ಈ ಐದರಲ್ಲೂ ಬೇಕಾದಷ್ಟಿದೆ. ನಾನು ಮೊದಲು ನೋಡುವುದು ಕತೆ ಹೇಳುವ ದನಿಯನ್ನು. ಹೇಳುವವರು ಮಗುವಿನ ಪಕ್ಕದಲ್ಲಿ ಕೂತು, ಕೈ ಹಿಡಿದು ಹೇಳುತ್ತಿದ್ದಾರಾ, ಅಥವಾ ದೂರದಲ್ಲಿ ನಿಂತು ತೋರಿಸುತ್ತಿದ್ದಾರಾ? ನಮ್ಮ ಅಜ್ಜಿಯರ ಕತೆಗಳಲ್ಲೂ ಮಲತಾಯಿ ಕಾಟ ಕೊಡುತ್ತಿದ್ದಳು, ಮಕ್ಕಳನ್ನು ಕಾಡಿಗೆ ಅಟ್ಟುತ್ತಿದ್ದಳು. ನಮಗೆ ನಿದ್ದೆ ಕೆಟ್ಟಿತಾ? ಇಲ್ಲ. ಯಾಕೆಂದರೆ ನಮ್ಮ ತಲೆ ಅಜ್ಜಿಯ ತೊಡೆಯ ಮೇಲಿತ್ತು.

ಎರಡನೆಯದು, ಕ್ರೌರ್ಯ ಎಲ್ಲಿ ನಡೆಯುತ್ತದೆ ಅನ್ನುವುದು. ಕಣ್ಣೆದುರು ನಡೆಯುತ್ತದಾ, ಬಾಗಿಲ ಹಿಂದೆ ನಡೆಯುತ್ತದಾ? ಆಗುವಂಥದ್ದಾ, ಆಗದಂಥದ್ದಾ? ಮೂರನೆಯದು, ಕೊನೆ. ಎಲ್ಲ ಸರಿಹೋಗುವ ಕೊನೆ ಕೆಲವು ಮಕ್ಕಳಿಗೆ ಬೇಕೇ ಬೇಕು. ಆಮೇಲೆ ಇಂಗ್ಲಿಷ್ ಎಷ್ಟು ಕಷ್ಟ, ಪುಸ್ತಕ ಎಷ್ಟು ಉದ್ದ, ಜೇಬಿಗೆ ಎಷ್ಟು ಹೊರೆ.

ಇಂಗ್ಲಿಷಿನಲ್ಲಿ ಅನಾಥರ ಕತೆ ಇಷ್ಟೊಂದು ಯಾಕೆ ಅಂತಲೂ ಕೇಳುತ್ತಾರೆ. ಇಂಗ್ಲೆಂಡಿನಲ್ಲಿ 1834ರಲ್ಲಿ ಬಡವರ ಕಾಯ್ದೆ ಬದಲಾಯಿತು. ನೆರವು ಬೇಕಾದ ಬಡವರು ವರ್ಕ್‌ಹೌಸ್ ಅನ್ನುವ ಕಟ್ಟುನಿಟ್ಟಿನ ದುಡಿಮೆಮನೆಗೆ ಸೇರಬೇಕು ಅನ್ನುವುದು ಅದರ ಧೋರಣೆ. ಅನಾಥ ಮಕ್ಕಳೂ ಅಲ್ಲಿಗೇ ಸೇರುತ್ತಿದ್ದರು. 1837ರಲ್ಲಿ ಚಾರ್ಲ್ಸ್ ಡಿಕನ್ಸ್ ಅಂಥದ್ದೇ ಮನೆಯಲ್ಲಿ ಹುಟ್ಟಿದ ಆಲಿವರ್ ಟ್ವಿಸ್ಟ್‌ನ ಕತೆಯನ್ನು ಕಂತುಗಳಲ್ಲಿ ಬರೆಯತೊಡಗಿದರು. ಕೊಳಕು ಅನಾಥಾಲಯ, ಜಿಪುಣ ಸಂಬಂಧಿ, ಆಸ್ತಿಗೆ ಹೊಂಚು ಹಾಕುವ ಪೋಷಕ, ಕೊನೆಗೆ ಬರುವ ದಯಾಳು ಶ್ರೀಮಂತ, ಹೀಗೆ ಒಂದು ಅಚ್ಚೇ ತಯಾರಾಯಿತು. ನಾನು ಹೇಳಲಿರುವ ಪುಸ್ತಕಗಳೆಲ್ಲ ಒಂದಲ್ಲ ಒಂದು ರೀತಿ ಆ ಅಚ್ಚಿನ ಜೊತೆ ಆಟ ಆಡುತ್ತವೆ.

ಜೇಮ್ಸ್: ಮೊದಲ ಪುಸ್ತಕಕ್ಕೆ

ಇದು ಬಂದದ್ದು 1961ರಲ್ಲಿ. ಜೇಮ್ಸ್ ನಾಲ್ಕು ವರ್ಷದವನಿದ್ದಾಗ ಅಪ್ಪ ಅಮ್ಮ ಹೋಗುತ್ತಾರೆ. ಸ್ಪಂಜ್ ಮತ್ತು ಸ್ಪೈಕರ್ ಅನ್ನುವ ಇಬ್ಬರು ಅತ್ತೆಯರ ಪಾಲಾಗುತ್ತಾನೆ. ಹೊಡೆತ, ಬೈಗುಳ, ಮೈಮುರಿಯುವ ಕೆಲಸ. ಒಂದು ದಿನ ಅವರ ತೋಟದ ಒಣಕಲು ಮರದಲ್ಲಿ ಪೀಚ್ ಹಣ್ಣೊಂದು ಬಿಡುತ್ತದೆ. ಅದು ಬೆಳೆದು ಬೆಳೆದು ಮನೆಯಷ್ಟು ದೊಡ್ಡದಾಗುತ್ತದೆ.

ಪೀಚ್ ಅಂದರೆ ಹೇಗಿರುತ್ತದೆ ಅಂತ ನಮ್ಮ ಎಷ್ಟೋ ಮಕ್ಕಳಿಗೆ ಗೊತ್ತಿರುವುದಿಲ್ಲ. ಹಲಸಿನ ಹಣ್ಣು ಅಂತ ಬದಲಿಸಿ ಹೇಳಬೇಡಿ. ನಾನು ಒಮ್ಮೆ ಹೇಳಿ ಕೆಟ್ಟೆ, ಮುಳ್ಳಿರುವ ಹಣ್ಣಿನೊಳಗೆ ಹುಡುಗ ಹೇಗೆ ಹೋದ ಅಂತ ಮಕ್ಕಳು ಹಿಡಿದುಕೊಂಡರು. ಆ ಜಾಗದ ಸೊಗಸು ಇರುವುದೇ ಮೆತ್ತಗಿನ ಹಣ್ಣಿನಲ್ಲಿ. ಕತ್ತಲಲ್ಲಿ ಹುಡುಗ ಮಂಡಿಯೂರಿ ತೆವಳುತ್ತಾನೆ. ಸುರಂಗದ ಗೋಡೆಯೆಲ್ಲ ಒದ್ದೆ, ಮೇಲಿಂದ ರಸ ತೊಟ್ಟಿಕ್ಕುತ್ತದೆ, ಬಾಯಿ ತೆರೆದು ನಾಲಿಗೆ ಚಾಚಿದರೆ ಸಿಹಿ. ತೆವಳುತ್ತಾ ಹೋಗಿ ತಲೆ ಗಟ್ಟಿಯಾದ ಏನಕ್ಕೋ ಬಡಿಯುತ್ತದೆ. ಅದು ಹಣ್ಣಿನ ಗೊರಟೆ. ಗೊರಟೆಯಲ್ಲೊಂದು ಬಾಗಿಲು. ಒಳಗೆ ಜರಿಹುಳ, ಎರೆಹುಳ, ಮಿಡತೆ, ಜೇಡ ಎಲ್ಲ ಮನುಷ್ಯರಷ್ಟು ದೊಡ್ಡದಾಗಿ ಕೂತಿವೆ. ಇಷ್ಟು ಹೊತ್ತಿಗೆ ಕೇಳುವ ಮಕ್ಕಳು ಚಾಪೆಯ ಮೇಲೆ ಮುಂದೆ ಮುಂದೆ ಸರಿದು ನನ್ನ ಕಾಲ ಬುಡಕ್ಕೆ ಬಂದಿರುತ್ತಾರೆ.

ನನ್ನ ಮಾನದಂಡಗಳಿಗೆ ಇಟ್ಟು ನೋಡಿದರೆ ಡಾಲ್ ಪಕ್ಕದಲ್ಲೇ ಕೂತು ಹೇಳುವವರು. ಕ್ರೌರ್ಯ ಕಣ್ಣೆದುರೇ ನಡೆಯುತ್ತದೆ, ಆದರೆ ಬೇಗ ಮುಗಿಯುತ್ತದೆ. ಹಣ್ಣು ಉರುಳಿ ಅತ್ತೆಯರನ್ನು ಚಪ್ಪಟೆ ಮಾಡಿಬಿಡುತ್ತದೆ. ಕೊನೆ ತುಂಬಾ ಸಂತೋಷದ್ದು. ಇಂಗ್ಲಿಷ್ ಸುಲಭ, ನಡುನಡುವೆ ಜರಿಹುಳದ ಹಾಡುಗಳಿವೆ, ಕನ್ನಡದಲ್ಲಿ ಹೇಳಿಕೊಂಡು ಹೋದರೂ ಕತೆ ಕೆಡುವುದಿಲ್ಲ. ಒಂದೇ ಪುಸ್ತಕದಲ್ಲಿ ಕತೆ ಮುಗಿಯುತ್ತದೆ.

ತಕರಾರೂ ಇದೆ. ಒಬ್ಬ ಅತ್ತೆ ದಪ್ಪ, ಇನ್ನೊಬ್ಬಳು ಕಡ್ಡಿ. ಕೆಟ್ಟವರು ಕುರೂಪಿಗಳೇ ಆಗಿರುತ್ತಾರೆ ಅನ್ನುವ ಮಾತನ್ನು ಡಾಲ್ ಮತ್ತೆ ಮತ್ತೆ ಹೇಳುತ್ತಾರೆ. ಮೈಕಟ್ಟಿನ ಬಗ್ಗೆ ಶಾಲೆಯಲ್ಲಿ ಮಾತು ಕೇಳಿಸಿಕೊಳ್ಳುವ ಮಗುವಿಗೆ ಇದು ಚುಚ್ಚಬಹುದು. ಅಲ್ಲಿ ನಿಲ್ಲಿಸಿ ಮಾತಾಡಿ. ಕೊಳ್ಳುವವರಿಗೆ ಇನ್ನೊಂದು ವಿಷಯ. 2023ರಲ್ಲಿ ಪಫಿನ್ ಪ್ರಕಾಶನ ಡಾಲ್ ಪುಸ್ತಕಗಳಲ್ಲಿ ಇಂಥ ಕೆಲವು ಪದಗಳನ್ನು ಬದಲಿಸಿತು. ಗಲಾಟೆ ಆದ ಮೇಲೆ ಹಳೆಯ ಪಠ್ಯವನ್ನೂ 'ಕ್ಲಾಸಿಕ್' ಹೆಸರಿನಲ್ಲಿ ಮಾರುತ್ತೇವೆ ಅಂದಿತು. ಹಾಗಾಗಿ ಯಾವ ಮುದ್ರಣ ಅಂತ ನೋಡಿ ತೆಗೆದುಕೊಳ್ಳಿ. ನಾನು ಹಳೆಯದನ್ನೇ ಓದುತ್ತೇನೆ, ಮಾತು ಬಂದಲ್ಲಿ ಮಾತಾಡುತ್ತೇನೆ.

ಡಾಲ್‌ಗೆ ಮೂರು ವರ್ಷವಿದ್ದಾಗ, 1920ರಲ್ಲಿ, ಏಳು ವರ್ಷದ ಅಕ್ಕ ತೀರಿಕೊಂಡಳು. ಕೆಲವೇ ವಾರಗಳಲ್ಲಿ ಅಪ್ಪನೂ ಹೋದರು. ಇದು ಗೊತ್ತಾದ ಮೇಲೆ ನನಗೆ ಆ ಘೇಂಡಾಮೃಗ ಬೇರೆ ಥರ ಕಾಣಿಸತೊಡಗಿತು.

ಬೋದಲೇರ್ ಮಕ್ಕಳು: ಹದಿಮೂರು ಪುಸ್ತಕಗಳ ಪ್ರಶ್ನೆ

'ಎ ಸೀರೀಸ್ ಆಫ್ ಅನ್‌ಫಾರ್ಚುನೇಟ್ ಈವೆಂಟ್ಸ್' ಅನ್ನುವ ಸರಣಿಯ ಬಗ್ಗೆಯೇ ಜನ ಜಾಸ್ತಿ ಕೇಳುತ್ತಾರೆ. ಬರೆದವರು ಅಮೆರಿಕದ ಡೇನಿಯಲ್ ಹ್ಯಾಂಡ್ಲರ್, ಲೆಮನಿ ಸ್ನಿಕೆಟ್ ಅನ್ನುವ ಹೆಸರಿನಲ್ಲಿ. 1999ರಿಂದ 2006ರವರೆಗೆ ಒಟ್ಟು 13 ಪುಸ್ತಕ. ಕೊನೆಯದು ಬಂದದ್ದು ಅಕ್ಟೋಬರ್ 13ರ ಶುಕ್ರವಾರ, ಅಂದರೆ ಅಲ್ಲಿನವರು ಅಪಶಕುನ ಅನ್ನುವ ದಿನ.

ಬೋದಲೇರ್ ಮನೆಯ ಮೂವರು ಮಕ್ಕಳಲ್ಲಿ ವಯಲೆಟ್‌ಗೆ ಹದಿನಾಲ್ಕು, ಕ್ಲಾಸ್‌ಗೆ ಹನ್ನೆರಡು, ಸನ್ನಿ ಇನ್ನೂ ಕೂಸು. ವಯಲೆಟ್ ಯಂತ್ರಗಳನ್ನು ಮಾಡುತ್ತಾಳೆ, ಕ್ಲಾಸ್ ಓದುತ್ತಾನೆ, ಸನ್ನಿ ಕಚ್ಚುತ್ತಾಳೆ. ಸಮುದ್ರದ ದಡದಲ್ಲಿ ಆಡುತ್ತಿದ್ದಾಗ ಕೆಮ್ಮುತ್ತಾ ಬರುವ ಬ್ಯಾಂಕಿನ ಮಿಸ್ಟರ್ ಪೋ, ಮನೆಗೆ ಬೆಂಕಿ ಬಿದ್ದು ಅಪ್ಪ ಅಮ್ಮ ಸತ್ತರು ಅಂತ ಹೇಳುತ್ತಾರೆ. ಅಲ್ಲಿಂದ ಮಕ್ಕಳು ಕೌಂಟ್ ಓಲಾಫ್ ಅನ್ನುವ ದೂರದ ಸಂಬಂಧಿಯ ಮನೆಗೆ. ಅವನ ಕಣ್ಣೆಲ್ಲ ಮಕ್ಕಳ ಆಸ್ತಿಯ ಮೇಲೆ.

ಮೊದಲ ಪುಸ್ತಕದ ಅಡುಗೆಯ ಪ್ರಸಂಗ ಹೇಳುತ್ತೇನೆ. ಓಲಾಫ್ ತನ್ನ ನಾಟಕ ಕಂಪನಿಯವರಿಗೆಲ್ಲ ರಾತ್ರಿ ಊಟ ಮಾಡಿಡಿ ಅಂತ ಚೀಟಿ ಬರೆದಿಟ್ಟು ಹೋಗುತ್ತಾನೆ. ಮಕ್ಕಳಿಗೆ ಅಡುಗೆ ಬರುವುದಿಲ್ಲ. ಪಕ್ಕದ ಮನೆಯ ನ್ಯಾಯಾಧೀಶೆಯ ಪುಸ್ತಕದ ಕೋಣೆಗೆ ಹೋಗಿ ಹುಡುಕಿ, ಪುಟನೆಸ್ಕ ಅನ್ನುವ ಪಾಸ್ತಾ ಮಾಡುವ ವಿಧಾನ ಹಿಡಿಯುತ್ತಾರೆ. ಸಾಮಾನು ತಂದು, ಹೆಚ್ಚಿ, ಕುದಿಸುತ್ತಾರೆ. ಆ ಸ್ವಲ್ಪ ಹೊತ್ತು ಮೂವರಿಗೂ ಅಡುಗೆಮನೆ ಬೆಚ್ಚಗಿದೆ ಅನ್ನಿಸುತ್ತದೆ. ಓಲಾಫ್ ಬಂದವನೇ ಕೇಳುವುದು, ಹುರಿದ ದನದ ಮಾಂಸ ಎಲ್ಲಿ ಅಂತ. ಅದನ್ನು ಅವನು ಹೇಳಿಯೇ ಇರಲಿಲ್ಲ. ಮುಂದೆ ಕ್ಲಾಸ್‌ನ ಕೆನ್ನೆಗೆ ಏಟು ಬೀಳುತ್ತದೆ.

ಘೇಂಡಾಮೃಗದ ಹಾಗಲ್ಲ ಈ ಏಟು. ಇದು ಆಗುವಂಥದ್ದು. ಹೇಳದೇ ಇದ್ದದ್ದನ್ನು ಮಾಡಲಿಲ್ಲ ಅಂತ ದೊಡ್ಡವರು ರೇಗುವುದು ಎಲ್ಲ ಮಕ್ಕಳಿಗೂ ಗೊತ್ತು. ದೊಡ್ಡವರಿಗೆ ದೂರು ಹೇಳಿದರೆ ಕೇಳುವುದಿಲ್ಲ, ಅದೂ ಗೊತ್ತು. ಸರಣಿಯ ನಿಜವಾದ ಕತ್ತಲೆ ಅಲ್ಲಿದೆ. ಓಲಾಫ್ ವೇಷ ಹಾಕಿಕೊಂಡು ಬಂದರೆ ಮಕ್ಕಳಿಗೆ ಗುರುತು ಸಿಗುತ್ತದೆ, ದೊಡ್ಡವರಿಗೆ ಸಿಗುವುದಿಲ್ಲ. ಪುಸ್ತಕದಿಂದ ಪುಸ್ತಕಕ್ಕೆ ಹೀಗೇ. ನಮ್ಮ ಶನಿವಾರದ ಮಕ್ಕಳು ನಗುವುದೂ ಇಲ್ಲೇ, ಸಿಟ್ಟಾಗುವುದೂ ಇಲ್ಲೇ.

ಇಷ್ಟೆಲ್ಲ ಇದ್ದರೂ ಈ ಸರಣಿಯನ್ನು ನಾನು ಧೈರ್ಯವಾಗಿ ಕೊಡುವುದಕ್ಕೆ ಕಾರಣ ಸ್ನಿಕೆಟ್‌ನ ದನಿ. ಪುಸ್ತಕ ಮುಚ್ಚಿಬಿಡಿ, ಬೇರೆ ಖುಷಿಯ ಪುಸ್ತಕ ಓದಿ ಅಂತ ಅವನು ಪದೇ ಪದೇ ಎಚ್ಚರಿಸುತ್ತಾನೆ. ಮಗು ಹಟ ಹಿಡಿದು ಮುಂದಿನ ಪುಟ ತಿರುಗಿಸುತ್ತದೆ. ಅಂದರೆ ಓದುವ ತೀರ್ಮಾನ ಮಗುವಿನದೇ ಆಯಿತು. ಕಷ್ಟದ ಪದ ಬಂದಾಗಲೆಲ್ಲ ಕತೆ ನಿಲ್ಲಿಸಿ, ಈ ಪದಕ್ಕೆ ಇಲ್ಲಿ ಹೀಗೆ ಅರ್ಥ ಅಂತ ಹೇಳುತ್ತಾನೆ. ಖುಷಿಗೆ ಕುಣಿದಾಡಿದೆ ಅನ್ನುವಾಗ ನಿಜವಾಗಿ ಕುಣಿದದ್ದಕ್ಕೂ ಬರೀ ಮಾತಿಗೆ ಹಾಗೆ ಅನ್ನುವುದಕ್ಕೂ ಏನು ವ್ಯತ್ಯಾಸ ಅಂತ ವಿಸ್ತಾರವಾಗಿ ವಿವರಿಸುವ ಜಾಗ ಮೊದಲ ಪುಸ್ತಕದಲ್ಲೇ ಇದೆ. ಕನ್ನಡ ಮಾಧ್ಯಮದಲ್ಲಿ ಓದುವ, ಇಂಗ್ಲಿಷಿಗೆ ಸ್ವಲ್ಪ ಅಳುಕುವ ಮಕ್ಕಳಿಗೆ ಇದು ದೊಡ್ಡ ಸಹಾಯ. ಆರನೇ ತರಗತಿಯ ಹುಡುಗಿಯೊಬ್ಬಳು ಆ ಅರ್ಥಗಳನ್ನೆಲ್ಲ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದಾಳೆ. ಆದರೆ ಕನ್ನಡದಲ್ಲಿ ಹೇಳಿ ತೋರಿಸಲು ಹೋದರೆ ಈ ಪದಗಳ ಆಟ ಅಷ್ಟೂ ಸೋರಿಹೋಗುತ್ತದೆ. ಇದನ್ನು ಇಂಗ್ಲಿಷಿನಲ್ಲೇ ಓದಬೇಕು.

ಒಂದು ವಿಷಯ ಮೊದಲೇ ತಿಳಿದಿರಲಿ. ಆಸ್ತಿಗಾಗಿ ಓಲಾಫ್ ಹದಿನಾಲ್ಕರ ವಯಲೆಟ್‌ಳನ್ನು ನಾಟಕದ ನೆಪದಲ್ಲಿ ಮದುವೆಯಾಗಲು ನೋಡುತ್ತಾನೆ. ಸನ್ನಿಯನ್ನು ಪಂಜರದಲ್ಲಿ ಹಾಕಿ ಗೋಪುರದಿಂದ ತೂಗಿಬಿಟ್ಟು ಬೆದರಿಸುತ್ತಾನೆ. ವಯಲೆಟ್ ಬಲಗೈಯವಳು. ಮದುವೆಯ ಕಾಗದಕ್ಕೆ ಅವಳು ಎಡಗೈಯಲ್ಲಿ ಸಹಿ ಹಾಕಿ, ಮದುವೆ ಊರ್ಜಿತವಾಗದ ಹಾಗೆ ಮಾಡಿ ಪಾರಾಗುತ್ತಾಳೆ. ಲೈಂಗಿಕವಾದದ್ದು ಏನೂ ಇಲ್ಲ, ಆದರೆ ಬಾಲ್ಯವಿವಾಹದ ಸುದ್ದಿ ಇವತ್ತಿಗೂ ಕಿವಿಗೆ ಬೀಳುವ ನಮ್ಮಲ್ಲಿ ಮಕ್ಕಳು ಪ್ರಶ್ನೆ ಕೇಳುತ್ತಾರೆ. ಒಂಬತ್ತಕ್ಕಿಂತ ಚಿಕ್ಕವರಿಗೆ ನಾನು ಇದನ್ನು ಕೊಡುವುದಿಲ್ಲ.

ಕೊನೆಯ ಬಗ್ಗೆ ಹೇಳುವುದಾದರೆ, ಎಲ್ಲ ಗುಟ್ಟೂ ಬಿಚ್ಚಿಕೊಳ್ಳುವುದಿಲ್ಲ. ಎಲ್ಲ ಎಳೆ ಕೂಡಿಸಿ ಗಂಟು ಹಾಕಲೇಬೇಕು ಅನ್ನುವ ಮಕ್ಕಳು ಹದಿಮೂರು ಪುಸ್ತಕ ಓದಿ ಸಿಟ್ಟಾಗಿದ್ದನ್ನು ಕಂಡಿದ್ದೇನೆ. ನನ್ನ ಮಗಳೂ ಒಂದು ವಾರ ಮುನಿಸಿಕೊಂಡಿದ್ದಳು.

ದುಡ್ಡಿನ ಲೆಕ್ಕ. ಹದಿಮೂರನ್ನೂ ಒಟ್ಟಿಗೆ ಕೊಳ್ಳಬೇಡಿ. ಮೊದಲ ಮೂರು ಸಾಕು. ನಾಲ್ಕನೆಯದರವರೆಗೂ ಹೊಸ ಪೋಷಕ, ಹೊಸ ವೇಷ, ಮತ್ತೆ ಪಾರು ಅನ್ನುವ ಒಂದೇ ಲಯ. ಐದನೆಯ ಪುಸ್ತಕದಿಂದ ದೊಡ್ಡ ಗುಟ್ಟಿನ ಎಳೆ ಶುರುವಾಗುತ್ತದೆ. ಮೂರು ಮುಗಿಸಿ ಮಗು ತಾನಾಗಿ ಮುಂದಿನದು ಕೇಳಿದರೆ ಆಗ ನೋಡಿ. ಹಳೆಯ ಪೆಟ್ಟಿಗೆ ಸೆಟ್‌ಗಳು ಮೂರು ಮೂರು ಪುಸ್ತಕದವೂ ಇವೆ, ಹದಿಮೂರರದ್ದೂ ಇದೆ. ಆನ್‌ಲೈನ್‌ನಲ್ಲಿ ಕೊಳ್ಳುವಾಗ ಎಷ್ಟು ಪುಸ್ತಕ ಅಂತ ಓದಿಕೊಳ್ಳಿ. ಬೆಂಗಳೂರಿನವರಾದರೆ ಚರ್ಚ್ ಸ್ಟ್ರೀಟ್ ಸುತ್ತಿನ ಹಳೇ ಪುಸ್ತಕದ ಅಂಗಡಿಗಳಲ್ಲಿ ಬಿಡಿ ಪ್ರತಿಗಳಿಗೆ ಕಣ್ಣಾಡಿಸಿ. 2004ರ ಸಿನಿಮಾದಲ್ಲಿ ಮೊದಲ ಮೂರು ಪುಸ್ತಕಗಳ ಕತೆ ಇದೆ, ನೆಟ್‌ಫ್ಲಿಕ್ಸ್ ಸರಣಿ 2017ರಿಂದ 2019ರವರೆಗೆ ಪೂರ್ತಿ ಕತೆಯನ್ನು ಮಾಡಿತು. ಪುಸ್ತಕ ಮೊದಲಾದರೆ ಒಳ್ಳೆಯದು. ಓಲಾಫ್‌ನ ಮುಖ ಮಗು ತಾನೇ ಕಲ್ಪಿಸಿಕೊಳ್ಳಲಿ.

ಇನ್ನು ಉಳಿದ ಮೂರು

ಜೋನ್ ಏಕನ್ ಅವರ 'ದ ವುಲ್ವ್ಸ್ ಆಫ್ ವಿಲೋಬಿ ಚೇಸ್' 1962ರದ್ದು. ಬರೆಯಲು ಶುರು ಮಾಡಿದ ಮೇಲೆ ಅವರ ಗಂಡ ತೀರಿಕೊಂಡರು. ಮಕ್ಕಳನ್ನು ಸಾಕಲು ದುಡಿಯುತ್ತಾ ಪುಸ್ತಕವನ್ನು ವರ್ಷಗಟ್ಟಲೆ ಪಕ್ಕಕ್ಕಿಟ್ಟಿದ್ದರು. ಕತೆಯ ಕಾಲ 1832, ಆದರೆ ನಿಜವಾದ ಇತಿಹಾಸದ ಇಂಗ್ಲೆಂಡ್ ಅಲ್ಲ. ಅಲ್ಲಿ ಮೂರನೇ ಜೇಮ್ಸ್ ರಾಜ, ಕಡಲಿನ ಕೆಳಗಿನ ಸುರಂಗದಿಂದ ಯುರೋಪಿನ ತೋಳಗಳು ಬಂದು ತುಂಬಿಕೊಂಡಿವೆ. ಅನಾಥೆ ಸಿಲ್ವಿಯಾ ಚಳಿಯ ರೈಲಿನಲ್ಲಿ ಕೂತಿದ್ದಾಗ ಕಿಟಕಿಯ ಗಾಜು ಒಡೆದುಕೊಂಡು ತೋಳವೊಂದು ಬೋಗಿಯೊಳಕ್ಕೇ ಹಾರುತ್ತದೆ. ಮಿಸ್ ಸ್ಲೈಕಾರ್ಪ್ ಅನ್ನುವ ಮನೆಪಾಠದವಳು ಅವಳನ್ನೂ ಸೋದರ ಸಂಬಂಧಿ ಬಾನಿಯನ್ನೂ ಊಟವಿಲ್ಲದ, ದುಡಿಸಿಕೊಳ್ಳುವ ಶಾಲೆಗೆ ತಳ್ಳುತ್ತಾಳೆ. ನಗು ಕಡಿಮೆ, ರೋಮಾಂಚನ ಜಾಸ್ತಿ. ಇಂಗ್ಲಿಷ್ ಹಳೆಯ ಕಾಲದ್ದು, ಬಟ್ಟೆ, ಮನೆ, ಗಾಡಿಗಳ ಪದಗಳಲ್ಲಿ ಮಗು ಎಡವುತ್ತದೆ. ಆದರೆ ಹೆಬ್ಬಾತುಗಳನ್ನು ಸಾಕುವ ಹುಡುಗ ಸೈಮನ್ ಇದ್ದಾನೆ, ಕೊನೆಯಲ್ಲಿ ಮನೆಗೆ ದೀಪ ಬರುತ್ತದೆ. ಸಾಹಸ ಬೇಕು, ಆದರೆ ಕೊನೆ ಬೆಚ್ಚಗಿರಬೇಕು ಅನ್ನುವ ಹತ್ತು ವರ್ಷದ ಮಗುವಿಗೆ ಇದಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಮುಂದುವರಿದ ಪುಸ್ತಕಗಳಿವೆ, ಆದರೆ ಇದೊಂದೇ ಓದಿದರೂ ಕತೆ ಪೂರ್ತಿ.

ಲೋಯಿಸ್ ಲೌರಿ 2008ರಲ್ಲಿ ಬರೆದ 'ದ ವಿಲೋಬೀಸ್' ತಲೆಕೆಳಗಾದ ಕತೆ. ಇಲ್ಲಿ ಅಪ್ಪ ಅಮ್ಮ ಬದುಕಿದ್ದಾರೆ, ಆದರೆ ಮಕ್ಕಳೆಂದರೆ ಇಷ್ಟವಿಲ್ಲ. ನಾಲ್ಕು ಮಕ್ಕಳೂ ಹಳೆಯ ಪುಸ್ತಕಗಳ ಹಾಗೆ ತಾವು ಅನಾಥರಾಗಬೇಕು ಅಂತ ಯೋಜನೆ ಹಾಕಿ, ಅಪ್ಪ ಅಮ್ಮನನ್ನು ಅಪಾಯದ ಪ್ರವಾಸಕ್ಕೆ ಕಳಿಸುತ್ತಾರೆ. ಅವಳಿಗಳಿಬ್ಬರ ಹೆಸರೂ ಬಾರ್ನಬಿ, ಇಬ್ಬರಿಗೂ ಸೇರಿ ಒಂದೇ ಸ್ವೆಟರ್. ಹೇಳುವ ದನಿ ತಣ್ಣಗಿದೆ, ದೂರದಲ್ಲಿ ನಿಂತಿದೆ. ಆ ಕಾರಣಕ್ಕೇ ಚಿಕ್ಕವರಿಗೆ ಇದು ಒಗ್ಗುವುದಿಲ್ಲ. ಏಳು ವರ್ಷದ ಹುಡುಗನೊಬ್ಬ, "ಅವರಿಗೆ ಅಮ್ಮ ಬೇಡ್ವಾ?" ಅಂತ ಕೇಳಿ ಎದ್ದು ಹೋಗಿ ತನ್ನ ಅಮ್ಮನ ಪಕ್ಕ ಕೂತ. ಹಳೆಯ ಅನಾಥರ ಕತೆಗಳನ್ನು ನಾಲ್ಕಾರು ಓದಿರುವ ಹನ್ನೊಂದು ಹನ್ನೆರಡರವರಿಗೆ ಮಾತ್ರ ಇದರ ರುಚಿ ಸಿಗುತ್ತದೆ. ಅವರಿಗೆ ಚೆನ್ನಾಗಿಯೇ ಸಿಗುತ್ತದೆ. ಕೊನೆಯಲ್ಲಿ ಕಷ್ಟಪದಗಳ ಪಟ್ಟಿಯೂ, ಹಳೆಯ ಪುಸ್ತಕಗಳ ಪರಿಚಯವೂ ಇದೆ, ಅವೂ ಕತೆಯಷ್ಟೇ ತಮಾಷೆ.

ಫಿಲಿಪ್ ಆರ್ಡಾ ಅವರ 'ಆಫುಲ್ ಎಂಡ್' 2000ದಲ್ಲಿ ಬಂತು. ಹಾಸ್ಟೆಲಿನಲ್ಲಿದ್ದ ತಮ್ಮ ಬಂಧುವಿನ ಮಗನಿಗೆ ಬರೆದ ಪತ್ರಗಳಿಂದ ಇದು ಹುಟ್ಟಿತು. ಹನ್ನೊಂದರ ಎಡ್ಡಿ ಡಿಕನ್ಸ್ ನಿಜಕ್ಕೂ ಅನಾಥನಲ್ಲ. ಅಪ್ಪ ಅಮ್ಮನಿಗೆ ಮೈ ಹಳದಿಯಾಗಿ ಅಂಚೆಲ್ಲ ಸುಕ್ಕುಗಟ್ಟುವ ವಿಚಿತ್ರ ಕಾಯಿಲೆ, ಹಾಗಾಗಿ ಹುಚ್ಚು ಅಂಕಲ್ ಜಾಕ್ ಜೊತೆ ಹೊರಡುತ್ತಾನೆ. ದುಡ್ಡಿನ ಬದಲು ಒಣಮೀನು ಕೊಡುವ ಮನುಷ್ಯ ಅವನು. ಹುಡುಗ ತಪ್ಪಾಗಿ ಅನಾಥಾಲಯ ಸೇರುತ್ತಾನೆ. ಪೂರ್ತಿ ತಮಾಷೆ, ನೋವು ಎಲ್ಲೂ ಒಳಗಿಳಿಯುವುದಿಲ್ಲ. ಓದಲು ಬೇಸರಪಡುವ ಮಗುವಿಗೆ ಹೇಳಿ ಮಾಡಿಸಿದ ಹಾಗಿದೆ.

ಮನೆಯಲ್ಲಿ ನಿಜವಾಗಿ ಸಾವಾಗಿದ್ದರೆ

ಗೆಳತಿಯ ಗಂಡ ತೀರಿಕೊಂಡ ಕೆಲವು ತಿಂಗಳ ಮೇಲೆ ಅವಳ ಮಗ ಶನಿವಾರ ಬರತೊಡಗಿದ. ಅವನ ಕೈಗೆ ಈ ಪುಸ್ತಕಗಳು ಸಿಗಬಾರದು ಅಂತ ನಾನು ಮೇಲಿನ ಅಟ್ಟಕ್ಕೆ ಎತ್ತಿಟ್ಟೆ. ಅವನು ಸ್ಟೂಲು ಹಾಕಿಕೊಂಡು ಬೋದಲೇರ್ ಮಕ್ಕಳ ಮೊದಲ ಪುಸ್ತಕವನ್ನೇ ಇಳಿಸಿಕೊಂಡ. ಗೆಳತಿಗೆ ಫೋನ್ ಮಾಡಿ ಕೇಳಿದೆ. ಓದಲಿ ಬಿಡು ಅಂದಳು. ಮೂರನೆಯ ಪುಸ್ತಕ ವಾಪಸ್ ಕೊಡುವಾಗ ಅವನಾಗಿಯೇ ಹೇಳಿದ: "ಆಂಟಿ, ಇವರು ಸುಮ್ನೆ ಎಲ್ಲಾ ಸರಿಹೋಗುತ್ತೆ ಅಂತ ಹೇಳಲ್ಲ. ಅದಕ್ಕೇ ಇಷ್ಟ."

ಎಲ್ಲ ಮಕ್ಕಳಿಗೂ ಹೀಗೇ ಆಗುತ್ತದೆ ಅಂತ ನಾನು ಹೇಳುವುದಿಲ್ಲ. ಸಮಾಧಾನಕ್ಕೆ ಅಂತ ಇಂಥ ಪುಸ್ತಕವನ್ನು ಉಡುಗೊರೆ ಕೊಡಬೇಡಿ, ಮಗುವಿನಿಂದ ಬಚ್ಚಿಡಲೂ ಬೇಡಿ. ಸಾಕುತ್ತಿರುವವರನ್ನು ಕೇಳಿ, ಕೈಗೆಟುಕುವ ಕಡೆ ಇಡಿ. ಘೇಂಡಾಮೃಗದ ತಮಾಷೆಯನ್ನು ಮಾತ್ರ ಆ ಹೊತ್ತಿಗೆ ಜೋರಾಗಿ ಓದಬೇಡಿ. ಸಾವು ತಮಾಷೆಯಲ್ಲ ಅಂತ ಆ ಮಗುವಿಗೆ ಆಗಲೇ ಗೊತ್ತಿದೆ.

ಹಾಗಾದರೆ ಯಾವುದು ತರಲಿ?

ಏಳೆಂಟು ವರ್ಷ, ರಾತ್ರಿ ನೀವೇ ಓದಿ ಹೇಳುತ್ತೀರಿ, ಒಂದೇ ಪುಸ್ತಕಕ್ಕೆ ದುಡ್ಡಿದೆ ಅಂದರೆ ಜೇಮ್ಸ್. ಅದೇ ವಯಸ್ಸು, ಆದರೆ ಮಗು ಬೇಗ ಅಳುತ್ತದೆ ಅಂದರೆ ಮೊದಲು ಎಡ್ಡಿ, ಆಮೇಲೆ ಜೇಮ್ಸ್. ಒಂಬತ್ತು ದಾಟಿದೆ, ದೊಡ್ಡವರ ತಪ್ಪು ಹಿಡಿಯುವ ಚಾಳಿ ಇದೆ, ಪದಗಳ ಹುಚ್ಚಿದೆ ಅಂದರೆ ಬೋದಲೇರ್ ಮಕ್ಕಳ ಮೊದಲ ಮೂರು. ಕೊನೆ ಸುಖವಾಗಿರಬೇಕು ಅನ್ನುವ ಸಾಹಸಪ್ರಿಯರಿಗೆ ತೋಳಗಳು. ಎಲ್ಲ ಓದಿಬಿಟ್ಟಿದ್ದೇನೆ ಅನ್ನುವವರಿಗೆ ವಿಲೋಬಿ ಮಕ್ಕಳು. ಇಬ್ಬರು ಮಕ್ಕಳಿದ್ದು ವಯಸ್ಸಿನ ಅಂತರ ಜಾಸ್ತಿ ಇದ್ದರೆ ಚಿಕ್ಕದರ ಲೆಕ್ಕ ಹಿಡಿದು ಜೇಮ್ಸ್ ತನ್ನಿ, ದೊಡ್ಡದು ಕೇಳಿಸಿಕೊಳ್ಳದ ಹಾಗೆ ನಟಿಸುತ್ತಾ ಕೇಳಿಸಿಕೊಳ್ಳುತ್ತದೆ.

ಇನ್ನೂ ಗೊಂದಲವಿದ್ದರೆ ಮಗುವನ್ನೇ ಅಂಗಡಿಗೋ ಗ್ರಂಥಾಲಯಕ್ಕೋ ಕರೆದುಕೊಂಡು ಹೋಗಿ. ಎರಡು ಪುಸ್ತಕಗಳ ಮೊದಲ ಎರಡೆರಡು ಪುಟ ಅಲ್ಲೇ ಮೆಲ್ಲಗೆ ಓದಿ ಹೇಳಿ. ಅಪ್ಪ ಅಮ್ಮ ಸಾಯುವ ಜಾಗ ಬಂದಾಗ ಓದುವುದನ್ನು ನಿಲ್ಲಿಸಿ. ಯಾವ ಪುಸ್ತಕದಲ್ಲಿ "ಆಮೇಲೆ?" ಅಂತ ಕೇಳಿತೋ ಅದಕ್ಕೆ ಬಿಲ್ ಹಾಕಿಸಿ.